20 ಮೀಟರ್ ವರ್ಟಿಕಲ್ ಆಂಟೆನಾದ ಎಸ್‌ಡಬ್ಲ್ಯೂಆರ್ 1.6ಕ್ಕಿಂತ ಕೆಳಗೆ ಇಳಿಯುತ್ತಿಲ್ಲ, ಕೊಳವೆಯನ್ನು ಇನ್ನೂ ಕತ್ತರಿಸಬೇಕೇ?

ನೀವು ಬರೆದಿರುವುದರ ಸಾರ ಇಷ್ಟು: ಹ್ಯಾಮ್‌ಗಳ (ಹವ್ಯಾಸಿ ರೇಡಿಯೋದವರ) 20 ಮೀಟರ್ ಬ್ಯಾಂಡ್‌ಗೆ, ಅಂದರೆ 14 ಮೆಗಾಹರ್ಟ್ಸ್ ಆಸುಪಾಸಿನ ತರಂಗಗಳಿಗೆ, ಮೂವತ್ತು-ನಲವತ್ತರ ನಿವೇಶನದ ಮನೆಯ ತಾರಸಿಯ ನಡುವೆ 2 ಮೀಟರ್ ಕಂಬದ ಮೇಲೆ 5.20 ಮೀಟರ್ ಉದ್ದದ ಅಲ್ಯೂಮಿನಿಯಂ ಕೊಳವೆಯನ್ನು ನಿಲ್ಲಿಸಿದ್ದೀರಿ, ಅದರ ಬುಡದಿಂದ ನಾಲ್ಕು ಮೂಲೆಗಳ ಕಡೆಗೆ ತಲಾ 5 ಮೀಟರಿನ ರೇಡಿಯಲ್ ತಂತಿಗಳನ್ನು (ಆಂಟೆನಾಕ್ಕೆ ನೆಲದ ಬದಲು ಕೆಲಸ ಮಾಡುವ ತಂತಿಗಳು) ಅಡ್ಡಲಾಗಿ ಬಿಗಿದಿದ್ದೀರಿ, ಎಸ್‌ಡಬ್ಲ್ಯೂಆರ್ (ಕೇಬಲ್‌ಗೂ ಆಂಟೆನಾಕ್ಕೂ ಎಷ್ಟು ಹೊಂದಿಕೆ ಇದೆ ಎಂಬುದರ ಅಳತೆ, 1.0 ಎಂದರೆ ಪೂರ್ಣ ಹೊಂದಿಕೆ) 13.850 ಮೆಗಾಹರ್ಟ್ಸ್‌ನಲ್ಲಿ 1.6ಕ್ಕೆ ಬಂದು ನಿಂತಿದೆ. ಅತ್ತ ನಿಮ್ಮ ಗೆಳೆಯರು ಅಂಗಳದ ಮಣ್ಣಿನ ಮೇಲೆ ಎರಡೇ ತಂತಿ ಹಾಸಿ 1.1 ಪಡೆದಿದ್ದಾರೆ.

ಕೊಳವೆಯನ್ನು ಸ್ವಲ್ಪ ಗಿಡ್ಡ ಮಾಡಬೇಕಾಗುವುದು ನಿಜ, ಆದರೆ ಅದರಿಂದ 1.6 ಎಂಬ ಅಂಕಿ ಇಳಿಯುವುದಿಲ್ಲ. ಎಸ್‌ಡಬ್ಲ್ಯೂಆರ್ ಗೆರೆಯ ತಗ್ಗು ಯಾವ ಆವರ್ತನದಲ್ಲಿ ಬೀಳುತ್ತದೆ ಎಂಬುದನ್ನು ಉದ್ದ ನಿರ್ಧರಿಸುತ್ತದೆ. ಆ ತಗ್ಗು ಎಷ್ಟು ಆಳ ಎಂಬುದನ್ನು ಆಂಟೆನಾದ ಬುಡದಲ್ಲಿ ಕಾಣುವ ರೋಧ ನಿರ್ಧರಿಸುತ್ತದೆ. ಕತ್ತರಿಸುತ್ತಾ ಹೋದರೆ ತಗ್ಗು ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಆಳವಾಗುವುದಿಲ್ಲ.

ಕಾಲು ತರಂಗದ ಲಂಬ ಆಂಟೆನಾವನ್ನು ಪರಿಪೂರ್ಣ ವಾಹಕವಾದ ನೆಲದ ಮೇಲೆ ನಿಲ್ಲಿಸಿದರೆ ಅದರ ವಿಕಿರಣ ರೋಧ (ಶಕ್ತಿ ರೇಡಿಯೋ ತರಂಗವಾಗಿ ಹೊರಹೋಗುವುದನ್ನು ಸೂಚಿಸುವ ರೋಧ) ಸುಮಾರು 36 ಓಮ್ ಇರುತ್ತದೆ, ಅಂದರೆ ನಷ್ಟವೇ ಇಲ್ಲದ ಆದರ್ಶ ಸ್ಥಿತಿಯಲ್ಲೂ 50 ಓಮ್ ಕೇಬಲ್‌ಗೆ ಎಸ್‌ಡಬ್ಲ್ಯೂಆರ್ 1.4ರಷ್ಟು ಬರುತ್ತದೆ. ನೆಲದಿಂದ ಎತ್ತರದಲ್ಲಿ ನಾಲ್ಕು ತಂತಿಗಳನ್ನು ಅಡ್ಡಲಾಗಿ ಕಟ್ಟಿದಾಗ ಈ ರೋಧ ಇನ್ನೂ ತುಸು ಇಳಿಯುತ್ತದೆ. ನಿಮ್ಮ 1.6 ಎಂದರೆ ಹೆಚ್ಚುಕಡಿಮೆ 31 ಓಮ್; ಅದು ಕೆಟ್ಟುಹೋದ ಆಂಟೆನಾದ ಲಕ್ಷಣವಲ್ಲ, ನಷ್ಟ ಕಡಿಮೆ ಇರುವ ಆಂಟೆನಾದ ಲಕ್ಷಣ. 1.6ರಲ್ಲಿ ಹಿಂದಕ್ಕೆ ಪ್ರತಿಫಲಿಸುವ ಶಕ್ತಿ ಶೇ. 5ರಷ್ಟು ಮಾತ್ರ.

ಗೆಳೆಯರ 1.1ರ ಕಥೆಯೇ ಬೇರೆ ಇರಬಹುದು. ಮಣ್ಣಿನ ಮೇಲೆ ಎರಡೇ ತಂತಿ ಇದ್ದಾಗ ಹಿಂದಿರುಗುವ ವಿದ್ಯುತ್ತಿನ ಬಹುಪಾಲು ಮಣ್ಣಿನ ಮೂಲಕವೇ ಹರಿಯಬೇಕಾಗುತ್ತದೆ, ಮಣ್ಣು ಅದನ್ನು ಶಾಖವಾಗಿ ನುಂಗುತ್ತದೆ. ಅಳತೆಯಲ್ಲಿ 55 ಓಮ್ ಕಂಡಿತು ಎಂದುಕೊಳ್ಳಿ: ಅದರಲ್ಲಿ 36 ವಿಕಿರಣದ್ದು, ಉಳಿದ 19 ನೆಲದ ನಷ್ಟದ್ದು. ಎಸ್‌ಡಬ್ಲ್ಯೂಆರ್ ಅಂದವಾಗಿ 1.1 ಎಂದು ತೋರಿಸಿದರೂ ಶಕ್ತಿಯ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಮಣ್ಣನ್ನು ಬಿಸಿ ಮಾಡುತ್ತಿರುತ್ತದೆ. ಅವರು ಇನ್ನೂ ಹದಿನೈದು ಇಪ್ಪತ್ತು ತಂತಿ ಹಾಸಿದರೆ ಎಸ್‌ಡಬ್ಲ್ಯೂಆರ್ 1.4ರ ಕಡೆಗೆ ‘ಕೆಡುತ್ತದೆ’, ಆಂಟೆನಾ ಮಾತ್ರ ಸುಧಾರಿಸಿರುತ್ತದೆ. ಡಮ್ಮಿ ಲೋಡ್ (ಆಂಟೆನಾದ ಬದಲು ಜೋಡಿಸುವ, ಶಕ್ತಿಯನ್ನೆಲ್ಲ ಶಾಖವಾಗಿಸುವ ರೋಧಕ) ಕೂಡ ಎಲ್ಲ ಬ್ಯಾಂಡ್‌ಗಳಲ್ಲೂ 1.0 ತೋರಿಸುತ್ತದೆ, ಅದರ ಮೇಲೆ ಯಾರನ್ನೂ ಕರೆಯಲಾಗುವುದಿಲ್ಲ ಎಂಬುದನ್ನು ಅವರಿಗೂ ಒಮ್ಮೆ ನೆನಪಿಸಿ.

ಇಷ್ಟಾದರೂ ಅಂಕಿ ಇಳಿಯಲೇಬೇಕು ಎಂದಿದ್ದರೆ ರೇಡಿಯಲ್‌ಗಳನ್ನು ಇಳಿಜಾರಾಗಿ ಕಟ್ಟಿ. ಇಳಿಜಾರು 45 ಡಿಗ್ರಿಗೆ ಬಂದಾಗ ರೋಧ 50 ಓಮ್ ಹತ್ತಿರ ಬರುತ್ತದೆ, ಆದರೆ ನಿಮ್ಮ ತಾರಸಿಯಲ್ಲಿ ಅಷ್ಟು ಇಳಿಸಿದರೆ ತಂತಿಗಳ ತುದಿ ಓಡಾಡುವವರ ಕೈಗೆ ಸಿಗುತ್ತದೆ. ಪ್ರಸಾರ ಮಾಡುವಾಗ ರೇಡಿಯಲ್‌ನ ತುದಿಯಲ್ಲಿ ವೋಲ್ಟೇಜ್ ಹೆಚ್ಚಿರುತ್ತದೆ. ಬಟ್ಟೆ ಒಣಹಾಕಲು ಬಂದವರ ಕೈ ಸುಡಬಾರದು. ಬುಡವನ್ನು 4.5 ಮೀಟರಿಗೆ ಏರಿಸಿ, ತಂತಿಯ ತುದಿಗೆ ನೈಲಾನ್ ಹಗ್ಗ ಸೇರಿಸಿ, ಹಗ್ಗವನ್ನು ಮೂಲೆಯ ಪ್ಯಾರಾಪೆಟ್ ಗೋಡೆಗೆ ಬಿಗಿದರೆ ಸುಮಾರು 25ರಿಂದ 30 ಡಿಗ್ರಿ ಇಳಿಜಾರು ಸಿಗುತ್ತದೆ, ತುದಿಗಳೂ ತಲೆಯ ಮಟ್ಟಕ್ಕಿಂತ ಮೇಲಿರುತ್ತವೆ. ರೋಧ ಏರುವುದಕ್ಕೆ ಅಷ್ಟು ಸಾಕು.

ಬುಡದಲ್ಲಿ ಚೋಕ್ (ಕೇಬಲ್‌ನ ಹೊರಮೈಯಲ್ಲಿ ವಿದ್ಯುತ್ ಹರಿಯದಂತೆ ತಡೆಯುವ ಸುರುಳಿ) ಹಾಕಿದ ಬಗ್ಗೆ ನೀವು ಏನೂ ಹೇಳಿಲ್ಲ. ಚೋಕ್ ಇಲ್ಲದಿದ್ದರೆ ಕೋಆಕ್ಸಿಯಲ್ ಕೇಬಲ್‌ನ ಹೊರಕವಚವೇ ಐದನೆಯ ರೇಡಿಯಲ್ ಆಗಿ ಕೆಲಸ ಮಾಡುತ್ತದೆ, ಆಗ ನೀವು ಅಳೆಯುವುದು ಆಂಟೆನಾ ಮತ್ತು ಕೇಬಲ್ ಎರಡನ್ನೂ ಕೂಡಿಸಿ. ಪರೀಕ್ಷೆ ಸುಲಭ: ನ್ಯಾನೋ ವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಪರದೆಯ ಮೇಲೆ ಕಣ್ಣಿಟ್ಟು ಕೇಬಲ್ಲನ್ನು ಮುಷ್ಟಿಯಲ್ಲಿ ಹಿಡಿಯಿರಿ, ನೆಲದ ಮೇಲೆ ಅತ್ತಿತ್ತ ಎಳೆದಾಡಿ, ಗೆರೆಯ ತಗ್ಗು ಜಾಗ ಬದಲಿಸಿದರೆ ಚೋಕ್ ಬೇಕೇ ಬೇಕು. ಎಫ್‌ಟಿ-240-43 ಫೆರೈಟ್ ಬಳೆಗೆ ತೆಳು ಕೇಬಲ್ಲನ್ನು ಹತ್ತು ಹನ್ನೆರಡು ಸುತ್ತು ಸುತ್ತಿ, ಬುಡಕ್ಕೆ ಹೊಂದಿಕೊಂಡೇ ಇಡಿ.

ಕೆಲಸದ ಕ್ರಮವೂ ಮುಖ್ಯ: ಮೊದಲು ರೇಡಿಯಲ್‌ಗಳ ಇಳಿಜಾರು, ಆಮೇಲೆ ಚೋಕ್, ಕೊನೆಗೆ ಕೊಳವೆಯ ಉದ್ದ. ಮೊದಲಿನವೆರಡರಲ್ಲಿ ಯಾವುದನ್ನು ಮುಟ್ಟಿದರೂ ಅನುರಣನ, ಅಂದರೆ ತಗ್ಗು ಬೀಳುವ ಆವರ್ತನ, ಸರಿಯುವುದರಿಂದ, ಉದ್ದವನ್ನು ಮೊದಲೇ ಹೊಂದಿಸಿಕೊಂಡರೆ ಆ ಶ್ರಮ ವ್ಯರ್ಥ. ಕಾಲು ತರಂಗದ ಉದ್ದಕ್ಕೆ 71.3ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸುವ ಸೂತ್ರವಿದೆ, ಬ್ಯಾಂಡ್‌ನ ನಡುವಿನ 14.175ಕ್ಕೆ ಅದು 5.03 ಮೀಟರ್ ಕೊಡುತ್ತದೆ. ಅದು ಆರಂಭದ ಅಂದಾಜು ಮಾತ್ರ. ನಿಮ್ಮ ಅಳತೆಯಿಂದಲೇ ಲೆಕ್ಕ ಹಾಕುವುದು ಹೆಚ್ಚು ನಂಬಲರ್ಹ: 5.20 ಗುಣಿಸು 13.850, ಭಾಗಿಸು 14.175, ಅಂದರೆ 5.08 ಮೀಟರ್. ಈ ಬ್ಯಾಂಡ್‌ನಲ್ಲಿ ಒಂದು ಸೆಂಟಿಮೀಟರಿಗೆ ಸುಮಾರು 28 ಕಿಲೋಹರ್ಟ್ಸ್ ವ್ಯತ್ಯಾಸ ಬರುತ್ತದೆ. ಗರಗಸದಿಂದ ನೇರವಾಗಿ ಆ ಅಳತೆಗೇ ಕತ್ತರಿಸಿಬಿಡಬೇಡಿ, ಕೊಳವೆಯನ್ನು ಅದಕ್ಕಿಂತ ತುಸು ಗಿಡ್ಡ ಮಾಡಿ, ಮೇಲ್ತುದಿಗೆ ಕೊಳವೆಯೊಳಗೆ ಜಾರುವಂಥ ಇನ್ನೊಂದು ಸಣ್ಣ ಕೊಳವೆ ಸೇರಿಸಿ, ಹೋಸ್ ಕ್ಲಾಂಪ್‌ನಿಂದ ಬಿಗಿದುಕೊಂಡರೆ ಉದ್ದವನ್ನು ಹೆಚ್ಚಿಸಲೂ ಬರುತ್ತದೆ.

ಅಳೆಯುವಾಗ ವಿಎನ್‌ಎಯ ಓಪನ್, ಶಾರ್ಟ್, ಲೋಡ್ ಕ್ಯಾಲಿಬ್ರೇಷನ್ನನ್ನು ಕೇಬಲ್‌ನ ಆಂಟೆನಾ ಕಡೆಯ ತುದಿಯಲ್ಲಿ ಮಾಡಿ. ಅದು ಆಗದಿದ್ದರೆ ಅರ್ಧ ತರಂಗದ ಕೇಬಲ್ ಬಳಸಿ, ಏಕೆಂದರೆ ಅರ್ಧ ತರಂಗಕ್ಕೊಮ್ಮೆ ಬುಡದ ರೋಧ ಕೆಳಗಿನ ತುದಿಯಲ್ಲಿ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ, 0.66 ವೇಗಾಂಶದ (ಕೇಬಲ್‌ನಲ್ಲಿ ತರಂಗ ಬೆಳಕಿನ ವೇಗದ 0.66 ಪಾಲಿನಲ್ಲಿ ಸಾಗುವ) ಆರ್‌ಜಿ-58 ಕೇಬಲ್‌ಗೆ ಅದು ಸುಮಾರು 7 ಮೀಟರ್. ಉದ್ದ ಕೇಬಲ್‌ನ ನಷ್ಟವೂ ಎಸ್‌ಡಬ್ಲ್ಯೂಆರ್ ಅಂಕಿಯನ್ನು ಇದ್ದದ್ದಕ್ಕಿಂತ ಚೆನ್ನಾಗಿ ತೋರಿಸುತ್ತದೆ ಎಂಬುದು ಗಮನದಲ್ಲಿರಲಿ.

ತಾಮ್ರದ ತಂತಿಯನ್ನು ಅಲ್ಯೂಮಿನಿಯಂಗೆ ನೇರವಾಗಿ ತಾಗಿಸಬೇಡಿ. ನಡುವೆ ಸ್ಟೇನ್‌ಲೆಸ್ ಸ್ಟೀಲ್ ವಾಷರ್ ಇಡದಿದ್ದರೆ ಒಂದೇ ಮಳೆಗಾಲದಲ್ಲಿ ಅಲ್ಯೂಮಿನಿಯಂ ತಿಂದುಹೋಗಬಹುದು. ಕನೆಕ್ಟರ್‌ಗೆ ತನ್ನಷ್ಟಕ್ಕೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಸುತ್ತಿ. ಬುಡ ಎತ್ತರಕ್ಕೆ ಹೋದ ಮೇಲೆ ಕೊಳವೆಯ ತುದಿ ತಾರಸಿಯಿಂದ 9.5 ಮೀಟರ್ ಮೇಲಿರುತ್ತದೆ, ಆದ್ದರಿಂದ ಲೋಹವಲ್ಲದ ಹಗ್ಗಗಳಿಂದ ಮೂರು ಕಡೆ ಬಿಗಿದು ಕಟ್ಟಲೇಬೇಕು. ಅದು ಯಾವ ದಿಕ್ಕಿಗೆ ಬಿದ್ದರೂ ಬೀದಿಯ ವಿದ್ಯುತ್ ತಂತಿಗೆ ತಾಗಬಾರದು. ತಾಗುವಂತಿದ್ದರೆ ಜಾಗ ಬದಲಿಸಿ, ಈ ಒಂದು ವಿಷಯದಲ್ಲಿ ರಾಜಿ ಬೇಡ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ದಿನಗಳಲ್ಲಿ, ಮೋಡ ಕಟ್ಟುವುದಕ್ಕೆ ಮೊದಲೇ ಕೇಬಲ್ಲನ್ನು ರೇಡಿಯೋದಿಂದ ಕಳಚಿ ಮನೆಯ ಹೊರಗೇ ಬಿಡಿ.

ಈ ಆಂಟೆನಾದಿಂದ ಹುಬ್ಬಳ್ಳಿ, ಮಂಗಳೂರಿನ ಹ್ಯಾಮ್‌ಗಳೊಡನೆ ಮಾತಾಡುವ ಆಸೆಯೂ ಇದೆ ಎಂದು ಬರೆದಿದ್ದೀರಿ. ಲಂಬ ಆಂಟೆನಾ ಶಕ್ತಿಯನ್ನು ದಿಗಂತಕ್ಕೆ ಹತ್ತಿರದ ಕೋನದಲ್ಲಿ ಕಳಿಸುತ್ತದೆ, 14 ಮೆಗಾಹರ್ಟ್ಸ್ ಅಷ್ಟು ಹತ್ತಿರದ ಊರುಗಳನ್ನು ಸಾಮಾನ್ಯವಾಗಿ ದಾಟಿಯೇ ಹೋಗುತ್ತದೆ. ಯುರೋಪ್, ಜಪಾನ್ ಕೇಳಿಸಿದರೂ ಹುಬ್ಬಳ್ಳಿ ಕೇಳಿಸದಿರುವುದು ಸಹಜ. ಅದಕ್ಕೆ 40 ಮೀಟರ್ ಬ್ಯಾಂಡ್‌ಗೆ ಒಟ್ಟು 20 ಮೀಟರ್ ತಂತಿಯ ಇನ್ವರ್ಟೆಡ್ ವಿ ಆಂಟೆನಾವನ್ನು (ನಡು ಮೇಲಿದ್ದು ಎರಡು ಕಡೆ ಇಳಿಬೀಳುವ ತಂತಿ) ಇದೇ ಕಂಬಕ್ಕೆ ಕಟ್ಟಬಹುದು. ಎರಡನ್ನೂ ಒಟ್ಟಿಗೆ ಕಟ್ಟಿದರೆ ಒಂದರ ತಂತಿ ಇನ್ನೊಂದರ ಅನುರಣನವನ್ನು ಸರಿಸುವುದರಿಂದ, ಎರಡೂ ಜಾಗದಲ್ಲಿ ಕುಳಿತ ಮೇಲೆ ವರ್ಟಿಕಲ್‌ನ ಉದ್ದವನ್ನು ಮತ್ತೆ ಅಳೆದು ಹೊಂದಿಸಿ.