ಓದುಗರ ಪ್ರಶ್ನೋತ್ತರ: ಅಳವೋ ಅಳಲೋ

ಪ್ರಶ್ನೆ: ನಿಮ್ಮನ್ನು ನಿಜಕ್ಕೂ ಬದಲಿಸಿದ ಪುಸ್ತಕ ಯಾವುದು? ಸಂದರ್ಶನಗಳಲ್ಲಿ ಎಲ್ಲರೂ ಹೇಳುವ ನಾಲ್ಕೈದು ದೊಡ್ಡ ಹೆಸರುಗಳನ್ನು ಬಿಟ್ಟು ಹೇಳಿ.

ಉತ್ತರ: ಆ ನಾಲ್ಕೈದು ಹೆಸರುಗಳನ್ನು ನಾನೂ ಹೇಳಿಕೊಂಡು ಬಂದವನೇ. ಕೇಳಿದವರಿಗೆ ಖುಷಿ, ಹೇಳಿದವನಿಗೂ ಒಂದಿಷ್ಟು ತೂಕ. ನೀವು ಆ ಬಾಗಿಲು ಹಾಕಿಬಿಟ್ಟಿದ್ದೀರಿ, ಹಾಗಾಗಿ ಇದ್ದದ್ದು ಹೇಳುತ್ತೇನೆ: ಕಿಟ್ಟೆಲ್ ನಿಘಂಟು.

ನಗಬೇಡಿ. ಈ ಅಂಕಣ ಬರೆಯುವುದಕ್ಕೆ ಮೊದಲು 26 ವರ್ಷ ಕರಡು ತಿದ್ದಿದವನು ನಾನು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಇರಬೇಕು, ಒಂದು ಕಾದಂಬರಿಯ ಕರಡು ಬಂತು. ಮುದುಕನೊಬ್ಬ ಮಗನ ಮನೆಯ ಬಾಗಿಲ ಬಳಿ ಕೂತಿದ್ದಾನೆ. ‘ಅವನು ತನ್ನ ಅಳವನ್ನು ಅರಿತಿದ್ದ’ ಎಂದಿತ್ತು. ಅಳವನ್ನು? ‘ಅಳಲನ್ನು’ ಇರಬೇಕು, ಅಚ್ಚಿನ ಮೊಳೆ ಜೋಡಿಸಿದವರು ‘ಲ’ ಹಾಕುವಲ್ಲಿ ‘ವ’ ಹಾಕಿದ್ದಾರೆ ಅಂದುಕೊಂಡೆ. ಕೆಂಪು ಶಾಯಿಯಲ್ಲಿ ‘ವ’ ಹೊಡೆದು, ಅಂಚಿನಲ್ಲಿ ‘ಲ’ ಬರೆದೆ. ಮುಂದಿನ ಸಾಲಿಗೆ ಹೋದೆ. ಎಲ್ಲ ಸೇರಿ ಮೂರು ಸೆಕೆಂಡು ಹಿಡಿದಿರಬಹುದು.

ತನ್ನ ಶಕ್ತಿ ಎಷ್ಟು, ಅದು ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿದು ಸುಮ್ಮನೆ ಕೂತಿದ್ದ ಮುದುಕ ನನ್ನ ಒಂದು ಗೀಟಿನಿಂದ ದುಃಖಿಯಾಗಿಬಿಟ್ಟ. ತಮಾಷೆ ಏನೆಂದರೆ, ವಾಕ್ಯ ಎಲ್ಲೂ ಎಡವಲಿಲ್ಲ. ಮುದುಕ ಅಂದಮೇಲೆ ಅಳಲು ಇದ್ದೇ ಇರುತ್ತದಲ್ಲ, ಯಾರಿಗೆ ಅನುಮಾನ ಬರುತ್ತದೆ? ಪುಸ್ತಕ ಅಚ್ಚಾಯಿತು, ಓದಿದವರಾರೂ ಕೇಳಲಿಲ್ಲ. ಲೇಖಕರಿಂದ ಮಾತ್ರ ಒಂದು ಕಾರ್ಡು ಬಂತು. ಪುಟದ ಸಂಖ್ಯೆ, ಸಾಲಿನ ಸಂಖ್ಯೆ, ಅದರ ಕೆಳಗೆ ಎರಡೇ ಪದ: ‘ನಿಘಂಟು ನೋಡಿದಿರಾ?’

ಬೈದಿದ್ದರೆ ಒಂದು ವಾರದಲ್ಲಿ ಮರೆಯುತ್ತಿದ್ದೆ.

ಅದುವರೆಗೆ ಕಿಟ್ಟೆಲ್ ನಮ್ಮ ಕಪಾಟಿನ ತುದಿಯಲ್ಲಿ, ಬೇರೆ ಪುಸ್ತಕಗಳು ಬೀಳದ ಹಾಗೆ ತಡೆದು ನಿಂತಿತ್ತು. ಅಷ್ಟೇ ಅದರ ಉಪಯೋಗ. 1853ರಲ್ಲಿ ಜರ್ಮನಿಯಿಂದ ಪಾದ್ರಿಯಾಗಿ ಬಂದ ಫರ್ಡಿನೆಂಡ್ ಕಿಟ್ಟೆಲ್ ವರ್ಷಗಟ್ಟಲೆ ಪದ ಹೆಕ್ಕಿ 1894ರಲ್ಲಿ ಹೊರತಂದ ಕನ್ನಡ-ಇಂಗ್ಲಿಷ್ ನಿಘಂಟು ಅದು, ಸುಮಾರು 70,000 ಪದಗಳದ್ದು. ಧೂಳು ಒರೆಸಿ ತೆರೆದೆ. ‘ಅಳವು’ ಸಿಕ್ಕಿತು: ಅಳತೆ, ಶಕ್ತಿ. ಆಗ ತಲೆಗೆ ಹೊಳೆಯಿತು, ದಿನಾ ಬಳಸುವ ‘ಅಳವಡಿಸು’ ಇದೇ ಮನೆಯ ಕೂಸು. ‘ನನ್ನ ಅಳವಿಗೆ ಮೀರಿದ್ದು’ ಎಂದು ನಾನೇ ಎಷ್ಟು ಸಲ ಹೇಳಿಲ್ಲ! ಬಾಯಿಗೆ ಪರಿಚಯವಿದ್ದ ಪದವನ್ನು ಕಣ್ಣು ಗುರುತಿಸಿರಲಿಲ್ಲ. ಇನ್ನು ‘ಅಳಲು’ ಹುಡುಕಿಕೊಂಡು ಹೋದರೆ ಅದರ ಬೇರು ಇನ್ನೊಂದೇ ಅಕ್ಷರದಲ್ಲಿ ಇತ್ತು: ೞ. ಹಳಗನ್ನಡದ ‘ಅೞಲ್’ ಅದು. ಆ ಅಕ್ಷರ ಬರಬರುತ್ತ ‘ಳ’ದಲ್ಲಿ ಕರಗಿಹೋದದ್ದರಿಂದ ಇವತ್ತು ಎರಡೂ ಪದ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ತಮಿಳಿನಲ್ಲಿ ಆ ಅಕ್ಷರ ಇನ್ನೂ ಬದುಕಿದೆ. ಅಲ್ಲಿ ‘ಅೞಲ್’ ಅಂದರೆ ಬೆಂಕಿ. ನಾನು ಆ ಮುದುಕನಿಗೆ ಏನು ಮಾಡಿದೆ ಎನ್ನುವುದು ಗೊತ್ತಾದದ್ದು ಆವಾಗ.

ಗೊತ್ತಿಲ್ಲದ ಪದಕ್ಕೆ ಯಾರಾದರೂ ನಿಘಂಟು ನೋಡುತ್ತಾರೆ. ಅವತ್ತಿನಿಂದ ನಾನು ‘ಇದು ಗೊತ್ತು’ ಅನ್ನಿಸಿದ ಪದಕ್ಕೂ ನೋಡತೊಡಗಿದೆ. ಕೆಲಸ ನಿಧಾನವಾಯಿತು, ಬೈಸಿಕೊಂಡೆ. ಚಟ ಮನೆಗೂ ಬಂತು. ಮಗಳು ಫೋನಿನಲ್ಲಿ ‘ಬೇಜಾರು’ ಅಂದರೆ ಹಿಂದೆ ನಾನೇ ಒಂದು ಅರ್ಥ ಹಚ್ಚಿ ಸಲಹೆ ಶುರು ಮಾಡುತ್ತಿದ್ದೆ. ಈ ಪದ ಸಾಮಾನ್ಯದ್ದಲ್ಲ ನೋಡಿ: ಸುಸ್ತಿಗೂ ಅದೇ, ಸಿಟ್ಟಿಗೂ ಅದೇ, ಹೊತ್ತು ಹೋಗದಿದ್ದರೂ ಅದೇ, ಎದೆ ಒಡೆದರೂ ಅದೇ. ಈಗ ‘ಯಾವ ಬೇಜಾರು?’ ಎಂದು ಕೇಳುತ್ತೇನೆ. ಮೊದಮೊದಲು ರೇಗುತ್ತಿದ್ದಳು. ಈಗ ತಾನೇ ‘ಅಪ್ಪಾ, ಎರಡನೇ ಬೇಜಾರು’ ಅನ್ನುತ್ತಾಳೆ. ಎರಡನೆಯದು ಸಿಟ್ಟು.

ಪ್ರಶ್ನೆ: ವರ್ಷಕ್ಕೆ ಮೂವತ್ತು ನಲವತ್ತು ಪುಸ್ತಕ ಓದುತ್ತೇನೆ. ಆರು ತಿಂಗಳಾದರೆ ಪಾತ್ರಗಳ ಹೆಸರೂ ನೆನಪಿರುವುದಿಲ್ಲ. ಓದಿದ್ದೆಲ್ಲ ವ್ಯರ್ಥವೇ?

ಉತ್ತರ: ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ 1941ರ ಕಾದಂಬರಿ. ನಾನು ಓದಿದ್ದು ಕಾಲೇಜಿನಲ್ಲಿ. ಮೂರು ತಲೆಮಾರಿನ ಕತೆ. ನಡುವಿನ ಲಚ್ಚ ಮನೆ ಹಾಳು ಮಾಡುತ್ತಾನೆ, ಅವನ ಮಗ ರಾಮ ಊರಿಗೆ ಮರಳುತ್ತಾನೆ. ಇದಕ್ಕಿಂತ ಹೆಚ್ಚು ಕೇಳಿದರೆ ನಾನೂ ತಡವರಿಸುತ್ತೇನೆ. ಆದರೆ ಮೊದಲ ತಲೆಮಾರಿನ ಪಾರೋತಿ, ಸರಸೋತಿ ಎಂಬ ಇಬ್ಬರು ಹೆಂಗಸರ ದುಡಿಮೆ ಮಾತ್ರ ತಲೆಯಿಂದ ಹೋಗಿಲ್ಲ. ಪುಟ ತಿರುಗಿಸಿದರೂ ಅವರ ಕೆಲಸ ಮುಗಿಯುತ್ತಿರಲಿಲ್ಲ. ಅದನ್ನು ಓದಿದಮೇಲೆ ನಾಲ್ಕು ಜನ ಕೂತು ಹರಟುವಾಗಲೆಲ್ಲ ‘ಇಲ್ಲಿ ಕೂರದೆ ಇರುವವರು ಯಾರು?’ ಎಂದು ನನ್ನ ಕಣ್ಣು ಹುಡುಕುತ್ತದೆ. ಹಾಗಂತ ನಾನು ಎದ್ದು ಹೋಗಿ ಲೋಟ ತೊಳೆದೆ ಎಂದೇನಲ್ಲ, ಬಹಳ ವರ್ಷ ತೊಳೆಯಲಿಲ್ಲ. ಕೂತಲ್ಲೇ ಮುಜುಗರಪಡುತ್ತಿದ್ದೆ. ಈಗ ತೊಳೆಯುತ್ತೇನೆ.

ಹೆಸರು ಮರೆತರೆ ಮರೆಯಲಿ. ನಿಮಗೆ ಎಲ್ಲಿ ಇರುಸುಮುರುಸಾಗುತ್ತದೆ, ಅದು ಮೊದಲು ಆಗುತ್ತಿತ್ತೇ, ಅಷ್ಟು ನೋಡಿಕೊಳ್ಳಿ. ಅಂದಹಾಗೆ, ನಲವತ್ತು ಸ್ವಲ್ಪ ಹೆಚ್ಚಾಯಿತು. ಹತ್ತು ಹೊಸದು, ಎರಡು ಹಳೆಯದು ಮತ್ತೊಮ್ಮೆ: ಇದು ನನ್ನ ಲೆಕ್ಕ.

ಪ್ರಶ್ನೆ: ನನ್ನ ಬದುಕಿನ ದಾರಿ ಬದಲಿಸಿದ ಪುಸ್ತಕವನ್ನು ಮಗನಿಗೆ ಕೊಟ್ಟೆ. ಹತ್ತು ಪುಟ ಓದಿ ಇಟ್ಟುಬಿಟ್ಟ. ಬಹಳ ನೋವಾಗಿದೆ.

ಉತ್ತರ: ಪುಸ್ತಕ ಕೊಟ್ಟು ಒಬ್ಬರ ಬದುಕು ತಿರುಗಿಸಿದ ಕತೆಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಗಾಂಧಿಯದು. 1904ರಲ್ಲಿ ಅವರು ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ರೈಲು ಹತ್ತಿದಾಗ ಗೆಳೆಯ ಪೋಲಕ್ ಇಂಗ್ಲಿಷ್ ಲೇಖಕ ರಸ್ಕಿನ್ನನ ‘ಅನ್‌ಟು ದಿಸ್ ಲಾಸ್ಟ್’ ಪುಸ್ತಕ ಕೈಗಿಟ್ಟರು. ಸುಮಾರು 24 ತಾಸಿನ ಪ್ರಯಾಣ. ಹಿಡಿದ ಪುಸ್ತಕ ಕೆಳಗಿಡಲಾಗಲಿಲ್ಲ, ಆ ರಾತ್ರಿ ನಿದ್ದೆಯೂ ಬರಲಿಲ್ಲ ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಅದೇ ವರ್ಷ ಡರ್ಬನ್ ಹತ್ತಿರ, ಎಲ್ಲರೂ ದುಡಿದು ಒಟ್ಟಿಗೆ ಬಾಳುವ ಅವರ ಫೀನಿಕ್ಸ್ ಆಶ್ರಮ ಶುರುವಾಯಿತು.

ನನಗೆ ಇದರಲ್ಲಿ ಪೋಲಕ್ ಇಷ್ಟ. ದಾರಿಯಲ್ಲಿ ಓದಲು ಕೊಟ್ಟರು, ರೈಲು ಹೊರಟಿತು, ಮುಗಿಯಿತು. ನೀವು ಪಕ್ಕದ ಕೋಣೆಯಲ್ಲೇ ಕೂತು ಎಷ್ಟನೇ ಪುಟಕ್ಕೆ ಬಂದ ಎಂದು ಎಣಿಸುತ್ತಿದ್ದೀರಿ. ಮೇಲಾಗಿ, ತನ್ನ ಮನಸ್ಸಿನ ಆಳದಲ್ಲಿ ಮೊದಲೇ ಇದ್ದ ನಂಬಿಕೆಗಳೇ ಆ ಪುಸ್ತಕದಲ್ಲಿ ಪ್ರತಿಬಿಂಬಿಸಿದವು ಎಂಬರ್ಥದ ಮಾತನ್ನೂ ಗಾಂಧಿ ಹೇಳಿದ್ದಾರೆ. ನಿಮ್ಮ ಮಗನ ಆಳದಲ್ಲಿ ಏನಿದೆಯೋ, ನಿಮ್ಮ ಪುಸ್ತಕಕ್ಕೆ ಹೇಗೆ ಗೊತ್ತಾಗಬೇಕು?

ಒಂದು ಕೆಲಸ ಮಾಡಿ. ಅವನು ಈಗ ಯಾವುದನ್ನು ಓದುತ್ತಿದ್ದಾನೋ ಅದನ್ನು ಕೇಳಿ ಇಸಿದುಕೊಳ್ಳಿ. ನೀವೂ ಹತ್ತು ಪುಟಕ್ಕೇ ಇಟ್ಟುಬಿಟ್ಟರೆ ಲೆಕ್ಕ ಚುಕ್ತಾ.