ಗಾರ್ಡಾ ಅಂದ್ರೆ ಸೆಕ್ಯುರಿಟಿಯವರಲ್ಲ

ಐರ್ಲೆಂಡಿನ ಗಾಲ್ವೇಗೆ ನರ್ಸ್ ಆಗಿ ಬರ್ತಿದ್ದೀರಿ, ಆಸ್ಪತ್ರೆಯವರು ‘ಗಾರ್ಡಾ ವೆಟ್ಟಿಂಗ್’, ಅಂದ್ರೆ ನಿಮ್ಮ ಹಿನ್ನೆಲೆ ತಪಾಸಣೆ, ಆಗಬೇಕು ಅಂದಿದ್ದಾರೆ. ಗಾರ್ಡಾ ಅಂದ್ರೆ ಸೆಕ್ಯುರಿಟಿಯವರಾ, ಅವರಿಗೆ ಏನಾದರೂ ಕೊಡಬೇಕಾ ಅಂತ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರ: ಒಂದು ಪೈಸೆನೂ ಬೇಡ. ಇದರ ಹೆಸರಲ್ಲಿ ಯಾವ ಏಜೆಂಟ್ ದುಡ್ಡು ಕೇಳಿದರೂ ಹುಷಾರು.

ಗಾರ್ಡಾ ಅಂದ್ರೆ ಇಲ್ಲಿನ ಪೊಲೀಸರು. ಪೂರ್ತಿ ಹೆಸರು ‘ಆನ್ ಗಾರ್ಡಾ ಶೀಖಾನಾ’, ಶಾಂತಿಯ ಕಾವಲುಗಾರರು ಅಂತ. ಗಾರ್ಡಾ, ಇಂಗ್ಲಿಷಿನ ಗಾರ್ಡ್ ಎರಡೂ ಒಂದೇ ಬಳ್ಳಿಯ ಕಾಯಿ. ಹಾಗಾಗಿ ನಿಮ್ಮ ಊಹೆ ತೀರಾ ತಪ್ಪೇನಲ್ಲ. ಒಬ್ಬರಾದರೆ ಗಾರ್ಡಾ, ಹಲವರಾದರೆ ಗಾರ್ಡೀ. ಊರ ಜನ ಅಷ್ಟೆಲ್ಲ ನೋಡೋದಿಲ್ಲ, ಸುಮ್ನೆ ‘ಗಾರ್ಡ್ಸ್’ ಅಂತಾರೆ.

ಪೊಲೀಸ್ ಅಂತಲೇ ಯಾಕೆ ಹೆಸರಿಡಲಿಲ್ಲ? ಅದಕ್ಕೊಂದು ಕಥೆ ಇದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿ ರಾಯಲ್ ಐರಿಷ್ ಕಾನ್‌ಸ್ಟಾಬ್ಯುಲರಿ ಅಂತ ಒಂದು ಪಡೆ ಇತ್ತು. ಕೈಯಲ್ಲಿ ಬಂದೂಕು, ವಾಸ ಬ್ಯಾರಕ್‌ನಲ್ಲಿ. ಹಳ್ಳಿ ಕಡೆ ವಯಸ್ಸಾದವರು ಇವತ್ತಿಗೂ ಸ್ಟೇಷನ್‌ಗೆ ‘ಬ್ಯಾರಕ್ಸ್’ ಅನ್ನೋದು ಅದಕ್ಕೇ. 1922ರಲ್ಲಿ ಹೊಸ ಸರ್ಕಾರ ಬಂತು, ಹಳೇ ಪಡೆ ಹೋಯಿತು. ಹೊಸದಕ್ಕೆ ಮೊದಲು ಸಿವಿಕ್ ಗಾರ್ಡ್ ಅಂತ ಹೆಸರಿಟ್ಟರು, ಮರುವರ್ಷ ಈ ಐರಿಷ್ ಹೆಸರು. ಬಂದೂಕನ್ನೂ ಬಿಟ್ಟರು. ಬೀದಿಯಲ್ಲಿ ಕಾಣೋ ಗಾರ್ಡಾ ಹತ್ತಿರ ಈಗಲೂ ಬಂದೂಕು ಇರೋದಿಲ್ಲ, ಅದಕ್ಕೆ ಬೇರೆ ತಂಡಗಳಿವೆ.

ಇದರಲ್ಲಿ ನಮಗೂ ಒಂದು ನಂಟಿದೆ. 1843ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಚಾರ್ಲ್ಸ್ ನೇಪಿಯರ್ ಸಿಂಧ್‌ನಲ್ಲಿ ಪೊಲೀಸ್ ಪಡೆ ಕಟ್ಟಿದಾಗ ಮಾದರಿಗೆ ತಗೊಂಡಿದ್ದು ಈ ಐರಿಷ್ ಕಾನ್‌ಸ್ಟಾಬ್ಯುಲರಿಯನ್ನೇ. ಆಮೇಲೆ ಬೇರೆ ಪ್ರಾಂತ್ಯಗಳಿಗೂ ಅದರ ಛಾಯೆ ಬಂತು. ಸ್ಟೇಷನ್ ಮೆಟ್ಟಿಲು ಹತ್ತೋಕೆ ನಮ್ಮವರು ಹೆದರೋದರ ಬೇರು ಅಲ್ಲೂ ಸ್ವಲ್ಪ ಇರಬಹುದು ಅನ್ನೋದು ನನ್ನ ಅನುಮಾನ. ಆ ಹೆದರಿಕೆ ಇಲ್ಲಿಗೆ ಹೊತ್ತು ತರಬೇಡಿ. ಪರ್ಸ್ ಕಳೆದರೂ, ಯಾರಾದರೂ ರೇಗಿಸಿದರೂ ಹೋಗಿ ಹೇಳಿ. ಎದುರು ಸಿಕ್ಕವರನ್ನ ‘ಗಾರ್ಡ್’ ಅಂತ ಕರೆದರೆ ಸಾಕು, ಸರ್ ಸರ್ ಅನ್ನಬೇಕಿಲ್ಲ. ತುರ್ತು ನಂಬರ್ 112, ನಮ್ಮಲ್ಲಿರೋದೇ.

ಇನ್ನು ವೆಟ್ಟಿಂಗ್. ಮಕ್ಕಳು, ರೋಗಿಗಳು, ಅಶಕ್ತರ ಜೊತೆ ಕೆಲಸ ಮಾಡೋ ಎಲ್ಲರಿಗೂ ಇದು ಇದ್ದದ್ದೇ, ಐರಿಷ್‌ನವರಿಗೂ ಬಿಟ್ಟಿದ್ದಲ್ಲ. ಪಾಸ್‌ಪೋರ್ಟ್ ವೆರಿಫಿಕೇಷನ್ ಥರ ಪೇದೆ ಮನೆಗೆ ಬಂದು ಕಾಫಿ ಕುಡಿದು ಹೋಗೋ ಪದ್ಧತಿ ಇಲ್ಲ. ಟಿಪರರಿ ಕೌಂಟಿಯ ಥರ್ಲಸ್ ಅನ್ನೋ ಊರಲ್ಲಿ ಒಂದು ಬ್ಯೂರೋ ಇದೆ, ಎಲ್ಲ ಅಲ್ಲೇ ನಡೆಯುತ್ತೆ. ಆಸ್ಪತ್ರೆಯವರು ಹೆಸರು ಕಳಿಸಿದ ಮೇಲೆ ನಿಮಗೆ ಈಮೇಲ್‌ನಲ್ಲಿ ಲಿಂಕ್ ಬರುತ್ತೆ. ತಲೆನೋವು ಶುರುವಾಗೋದು ಆಗ. ಹುಟ್ಟಿದಾಗಿನಿಂದ ಇದ್ದ ಎಲ್ಲ ಅಡ್ರೆಸ್ ಕೇಳ್ತಾರೆ, ಮಧ್ಯೆ ಒಂದು ವರ್ಷವೂ ಖಾಲಿ ಬಿಡೋ ಹಾಗಿಲ್ಲ. ನರ್ಸಿಂಗ್ ಹಾಸ್ಟೆಲ್, ಬೆಂಗಳೂರಿನ ಪಿಜಿ, ಅಪ್ಪನಿಗೆ ವರ್ಗ ಆದಾಗ ಇದ್ದ ಬಾಡಿಗೆ ಮನೆ, ಎಲ್ಲ ಬರೀಬೇಕು. ಇವತ್ತೇ ಅಮ್ಮನಿಗೆ ಫೋನ್ ಮಾಡಿ ಕೇಳಿ ಬರೆದಿಟ್ಟುಕೊಳ್ಳಿ.