ಪ್ರತಿಕ್ರಿಯೆ: ದುಂಬಿ ತಾಯತದಲ್ಲಿ ಥುಟ್ಮೋಸ್ ಹೆಸರಿದ್ದರೆ ಅವನ ಕಾಲದ್ದೇನಾ?
ನೀವು ಕೊಂಡ ದುಂಬಿ ಆಕಾರದ ತಾಯತ ಪ್ರಾಚೀನ ಈಜಿಪ್ಟಿನ ರಾಜ ಥುಟ್ಮೋಸನ ಕಾಲದ್ದು ಅಂತ ಮಾರಿದವರು ಹೇಳಿದ್ದು ನಿಜವಾ ಅಂತ ಕೇಳಿದ್ದೀರಿ. ಅವರು ಬರೀ ಹೆಸರು ಓದಿ ಕಾಲ ಹೇಳಿರಬೇಕು. ನಿಮ್ಮ ಫೋಟೋದಲ್ಲಿರೋ ಸೂರ್ಯನ ಬಿಲ್ಲೆ, ಕಾಯಿ ಜೋಡಿಸಿದ ಆಟದ ಹಲಗೆ, ದುಂಬಿ, ಈ ಮೂರು ಚಿತ್ರಾಕ್ಷರ ಸೇರಿದರೆ ‘ಮೆನ್‌ಖೆಪೆರ್ರೆ’, ಅಂದರೆ 3ನೇ ಥುಟ್ಮೋಸನ ಪಟ್ಟದ ಹೆಸರು. ನಿಜ. ಆದರೆ ಅವನು ಸತ್ತು ನೂರಾರು ವರ್ಷ ಆದಮೇಲೂ ಆ ಹೆಸರನ್ನು ರಕ್ಷೆಗೆ ಅಂತ ಕೆತ್ತುತ್ತಲೇ ಇದ್ದರು.

ಮೊದಲು ಭೂತಗನ್ನಡಿಯಲ್ಲಿ ಉದ್ದಕ್ಕೆ ಕೊರೆದ ತೂತು ನೋಡಿ. ದಾರ ಉಜ್ಜಿ ಅಂಚು ಸವೆದಿದೆಯಾ? ಆಮೇಲೆ ಗೀರುಗಳ ಒಳಗೆ ಹಸಿರು, ನೀಲಿ ಮೆರುಗು ಹುಡುಕಿ. ಇವು ಜಾಸ್ತಿ ನಮ್ಮ ಬಳಪದ ಕಲ್ಲಿನಂಥದ್ದರಲ್ಲೇ ಮಾಡಿದವು, ಮೇಲೆ ಗಾಜಿನಂಥ ಲೇಪ. ಸುಮ್ನೆ ತೊಳೆಯಲು ಹೋಗಬೇಡಿ.

ಇವೆರಡೂ ಸಿಕ್ಕರೂ ಅಸಲಿ ಅಂತ ಫೋಟೋದಲ್ಲಿ ಹೇಳಲಾಗದು. ಬೆನ್ನು, ಕಾಲುಗಳು ಕಾಣುವ ಬದಿ, ತಳ ಮೂರನ್ನೂ ಸ್ಕೇಲ್ ಪಕ್ಕ ಇಟ್ಟು ಫೋಟೋ ತೆಗೆದು, ರಸೀದಿ ಜೊತೆ ಮ್ಯೂಸಿಯಂನವರಿಗೆ ತೋರಿಸಿ.